ಕೂಸಿನ ಎದೆಯ ಹಾಲು

ಬೆಟಗೇರಿ
೨ ಮಾರ್ಚ್ ೨೦೨೫

ಅಕ್ಕಾ,

ಮೊದಲ ಮಾತು ವಿದ್ಯಾಶ್ರೀಗೆ. ಅವ್ವಾ ವಿದ್ಯಾಶ್ರೀ, ನಿಮ್ಮ ಅತ್ತೆಗೆ ಓದಲು ಬರುವುದಿಲ್ಲ. ಇದನ್ನು ಅವರ ಮುಂದೆ ಓದುವವಳು ಸೊಸೆಯಾದ ನೀನೇ. ಒಂದು ಅಕ್ಷರವನ್ನೂ ನುಂಗಬೇಡ. ಬೈಗುಳ ಬಂದಲ್ಲಿ ದನಿ ಇಳಿಸಬೇಡ.

ಇನ್ನು ನೀನು, ಅಕ್ಕ. ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೆ ಒದರುತ್ತೇವೆ, ಆಮೇಲೆ ನೀನು ಕಟ್ ಮಾಡುತ್ತೀ. ಅದಕ್ಕೇ ಈ ದಾರಿ ಹಿಡಿದಿದ್ದೇನೆ. ಕರೆಂಟು ಹೋಗಿ ಮಗ್ಗ ನಿಂತಾಗ ಫೋನನ್ನು ಬಾಯಿಯ ಹತ್ತಿರ ಹಿಡಿದು ನಿನಗೆ ಹೇಳಬೇಕಾದ್ದನ್ನೆಲ್ಲ ಹೇಳಿ ಇಟ್ಟುಕೊಳ್ಳುತ್ತೇನೆ. ಆಮೇಲೆ ಅದನ್ನೇ ಕೇಳಿಕೊಂಡು ಕಾಗದಕ್ಕೆ ಇಳಿಸುತ್ತೇನೆ. ನಿನ್ನೆ ನಲವತ್ತು ನಿಮಿಷ ಮಾತಾಡಿದೆ. ಅದರಲ್ಲಿ ಅರ್ಧ ಬರೆಯುವಂಥದ್ದಲ್ಲ. ಉಳಿದರ್ಧ ಇದು.

ಕೂಸು ಶಿವರಾತ್ರಿಯ ದಿನ ಆಸ್ಪತ್ರೆಯಿಂದ ಮನೆಗೆ ಬಂತು. ಎಂಟು ದಿನ ಸಲಾಯಿನ್. ಕೈಯಲ್ಲಿ ನರ ಸಿಗದೆ ತಲೆಯಲ್ಲಿ ಸೂಜಿ ಚುಚ್ಚಿದರು. ಎಡಗಡೆ ಎದೆ ಕೊಯ್ದು ಕೀವು ತೆಗೆದರು. ಹುಟ್ಟಿ ಹದಿನೈದು ದಿನ ಆಗಿತ್ತು ಅದಕ್ಕೆ. ಇನ್ನೂ ಹೆಸರು ಸಹ ಇಟ್ಟಿರಲಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ "ಶಿವರಂಜನಿಯ ಕೂಸು" ಎಂದೇ ಬರೆದಿದ್ದರು.

ಯಾಕೆ ಹೀಗಾಯಿತು ಎಂದು ನಿನಗೆ ಗೊತ್ತು, ಆದರೂ ಹೇಳುತ್ತೇನೆ. ತಾಯಿ ಇಲ್ಲದ ಮನೆ ನನ್ನದು. ಮಗಳು ಶಿವರಂಜನಿಯ ಬಾಣಂತನಕ್ಕೆ ಯಾರನ್ನು ಕರೆಯಲಿ? ನಿನ್ನನ್ನೇ ಕರೆದೆ. ಐದನೆಯ ದಿನ ಕೂಸಿನ ಎರಡೂ ಎದೆ ಬೋರೆಹಣ್ಣಿನಷ್ಟು ಉಬ್ಬಿದ್ದವು. ನೀನು ನೋಡಿ, "ಕೆಟ್ಟ ಹಾಲು ಐತಿ. ಈಗ ತಗೀಲಿಲ್ಲಂದ್ರ ದೊಡ್ಡಾಕಿ ಆದ ಮ್ಯಾಲ ಗಂಟ ಆಕ್ಕಾವು" ಎಂದೆ. ಅವತ್ತಿನಿಂದ ದಿನಾ ನೀರು ಎರೆದಾದ ಮೇಲೆ, ಬಚ್ಚಲಲ್ಲಿ ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಹಿಂಡಿದೆ. ಹನಿ ಹಾಲು ಬರುತ್ತಿತ್ತು. ಬಾಜೂ ಮನೆಯವರು ನೋಡಲು ಬಂದು "ಸಣ್ಣ ಬಾಣಂತಿ" ಎಂದು ನಗುತ್ತಿದ್ದರು. ಕೂಸು ಅಳುತ್ತಿತ್ತು. ಎರೆಯುವಾಗ ಅಳದ ಕೂಸು ಎಲ್ಲಿದೆ ಎಂದು ಎಲ್ಲರೂ ಸುಮ್ಮನಿದ್ದರು.

ಹನ್ನೆರಡನೆಯ ದಿನ ಎಡಗಡೆ ಕೆಂಪಾಯಿತು. ನೀನು ಬಿಸಿ ಬಟ್ಟೆ ಇಟ್ಟು ಅರಿಶಿಣ ಹಚ್ಚಿ ಮತ್ತೆ ಹಿಂಡಿದೆ. ಹದಿನೈದನೆಯ ದಿನ ಕೂಸು ತಾಯಿಯ ಹಾಲು ಬಿಟ್ಟಿತು, ಮೈ ಸುಡುತ್ತಿತ್ತು.

ಇಷ್ಟಾದರೆ ನಾನು ಕಾಗದ ಬರೆಯುತ್ತಿರಲಿಲ್ಲ. ತಪ್ಪು ಯಾರಿಂದಲೂ ಆಗುತ್ತದೆ. ಆದರೆ ಆಸ್ಪತ್ರೆಯಲ್ಲಿ ಡಾಕ್ಟರ್ ಶೀತಲ್ ಕೂಸಿನ ತಲೆ ಮೈ ಮುಚ್ಚಿದ್ದ ಕುಂಚಿಗೆ ಬಿಚ್ಚಿ ನೋಡಿ, "ಇದನ್ನ ಯಾರ ಹಿಂಡಿದ್ದು?" ಎಂದು ಕೇಳಿದರಲ್ಲ, ಆಗ ನೀನು ಏನು ಮಾಡಿದೆ? ಕುಂಚಿಗೆಯ ದಾರ ಬಿಡಿಸುತ್ತ ಕೂತೆ. ಗಂಟೇ ಇಲ್ಲದ ದಾರ ಅದು. ಶಿವರಂಜನಿ ನಿನ್ನ ಮುಖ ನೋಡಿದಳು, ಒಂದು ಕ್ಷಣ. ಆಮೇಲೆ "ನಾನ ರೀ" ಎಂದಳು. ಡಾಕ್ಟರು ಅವಳಿಗೆ ಬೈದ ಬೈಗುಳ ಬಾಗಿಲಲ್ಲಿ ನಿಂತಿದ್ದ ಅವಳ ಗಂಡನ ಕಿವಿಗೂ ಬಿತ್ತು. ಈಗ ಮುಂಡರಗಿಯ ಬೀಗರ ಮನೆಯಲ್ಲಿ, ಹೆತ್ತ ತಾಯಿಯೇ ಕೂಸಿನ ಎದೆ ಹಿಂಡಿ ಕೀವು ಮಾಡಿದಳು ಎಂದು ಮಾತು.

ನೀನು ಅವತ್ತೇ ಸಂಜೆ ಲಕ್ಷ್ಮೇಶ್ವರದ ಬಸ್ಸು ಹತ್ತಿದೆ. ಮೊಮ್ಮಗಳಿಗೆ ಒಂದನೇ ಕ್ಲಾಸಿನ ಪರೀಕ್ಷೆ ಎಂದೆ.

ಈಗ ನನ್ನ ಮಾತು ಒಂದೇ. ಜೂನ್ ತಿಂಗಳಲ್ಲಿ ವಿದ್ಯಾಶ್ರೀ ಹಡೆಯುತ್ತಾಳೆ. ಎರಡನೆಯ ಬಾಣಂತನ, ನಿನ್ನ ಮನೆಯಲ್ಲೇ ಆಗುತ್ತದೆ. ಆ ಕೂಸಿನ ಎದೆಗೆ ನಿನ್ನ ಬೆರಳು ತಾಗಬಾರದು. ತಾಗುವುದಿಲ್ಲ ಎಂದು ನೀನು ಬಾಯಿ ಬಿಟ್ಟು ಹೇಳಬೇಕು. ಓದುತ್ತಿರುವವಳ ಎದುರಿಗೇ ಹೇಳಬೇಕು.

ಇನ್ನೂ ನಿನ್ನ ತಮ್ಮನೇ ಆಗಿರುವ
ಸಕ್ರಪ್ಪ


ಲಕ್ಷ್ಮೇಶ್ವರ
೧೧ ಮಾರ್ಚ್ ೨೦೨೫

ಸಕ್ರ್ಯಾ,

ನಾ ಹೇಳಿದ್ದನ್ನ ಹೇಳಿದಂಗ ಬರಿ ಅಂತ ಸೊಸಿಗೆ ಹೇಳೀನಿ. ಆಕಿನೂ ಬರೀತೀನಿ ಅಂದಾಳ.

ಭಾಳ ಶಾಣ್ಯಾ ಆಗಿ ನೀ. ನನಗ ಬೈಯಾಕ ನಿನಗ ನನ್ನ ಸೊಸಿ ಬಾಯಿ ಬೇಕಾತನ? ಓದೂ ಮುಂದ ಈಕಿ ದನಿ ಒಂದ ಕಡೆನೂ ನಡಗಲಿಲ್ಲ. ಓದಿ ಮುಗಿಸಿ ಕಾಗದ ಮಡಚಿ ತನ್ನ ಕಡೆನ ಇಟ್ಕೊಂಡ್ಲು. ಅವತ್ತಿಂದ ಈಕಿ ನನ್ನ ಕೈ ನೋಡ್ತಾಳ. ಮಾರಿ ನೋಡಂಗಿಲ್ಲ, ಕೈ ನೋಡ್ತಾಳ. ರೊಟ್ಟಿ ಬಡಿಯೂ ಮುಂದ ನೋಡ್ತಾಳ, ಹೂವ ಕಟ್ಟೂ ಮುಂದ ನೋಡ್ತಾಳ. ಇದು ನೀ ಮಾಡಿದ್ದು.

ಈ ಓಣ್ಯಾಗ ನಲವತ್ತ ಕೂಸಿಗೆ ಎರದೀನಿ ನಾ. ಹಾಲು ತಗದೀನಿ, ಮೂಗು ತೀಡೀನಿ, ತಲಿ ದುಂಡಗ ಮಾಡೀನಿ. ಒಂದ ಕೂಸರ ಹಿಂಗಾಗೇತಿ? ಈಕಿ ಮೊದಲನೇ ಮಗಳಿಗೂ ನಾನ ಎರದಾಕಿ. ಓಡಾಡಕೋತ ಶಾಲಿಗೆ ಹೋಗ್ತಾಳ. ನೀ ಹುಟ್ಟಿದಾಗ ಅವ್ವ ನಿನ್ನ ಎದಿ ಹಿಂಡೂದನ್ನ ನಾ ಬಾಜೂಕ ಕುಂತ ನೋಡೀನಿ. ಹನ್ನೆರಡ ವರ್ಷದಾಕಿ ಇದ್ನಿ. ನಾ ಕಲತದ್ದ ನಿನ್ನ ಮೈ ಮ್ಯಾಲ. ಎರಡ ವರ್ಷದಾಗ ಅವ್ವ ಹೋದ್ಲು. ಆಮ್ಯಾಲ ನಿನಗ ಎರದಾಕಿ ಯಾರು? ಆವಾಗ ಈ ಕೈ ಬ್ಯಾಡಾಗಿದ್ದಿಲ್ಲ.

ದವಾಖಾನ್ಯಾಗ ನಾ ಸುಮ್ಮನ ಕುಂತೆ ಅಂತಿ. ಶಿವರಂಜನಿಗೆ "ನಾನು" ಅನ್ನು ಅಂತ ನಾ ಹೇಳಿದ್ನೇನ? ಆಕಿ ಅಂದ್ಲು. ನೀ ಎಲ್ಲಿದ್ದಿ ಆವಾಗ? ನನ್ನ ಬಾಜೂಕ ನಿಂತಿದ್ದಿ. ನಿನಗ ಬಾಯಿ ಇರಲಿಲ್ಲ?

ಮತ್ತ ಒಂದ ಮಾತ ಕಾಗದದಾಗ ಬರಿಯೂದ ಮರತಿ ನೀ. ನಾ ಹಿಂಡೂ ಮುಂದ ಕೂಸು ಕೈ ಬಡೀತಿತ್ತು. ಆ ಕೈ ಹಿಡದಾಂವ ಯಾರು?

ನಿನ್ನ ಎತ್ತಿ ಆಡಿಸಿದ ಅಕ್ಕ
ನೀಲಗಂಗವ್ವ


ಬೆಟಗೇರಿ
೨೦ ಮಾರ್ಚ್ ೨೦೨೫

ಅಕ್ಕಾ,

ಹೌದು. ಹಿಡಿದವನು ನಾನು.

ನಿನ್ನ ಕಾಗದ ಬಂದು ಒಂದು ವಾರ ಆಯಿತು. ಫೋನು ಹಿಡಿದು ಕೂತರೆ ಮಾತು ಬರಲಿಲ್ಲ. ನನಗೇ ಆಶ್ಚರ್ಯ. ಐವತ್ತು ವರ್ಷದಲ್ಲಿ ನಾನು ಮಾತಿಲ್ಲದೆ ಕೂತದ್ದು ಎರಡೇ ಸಲ, ಮೊದಲನೆಯದು ಶಿವರಂಜನಿಯ ತಾಯಿ ಹೋದಾಗ.

"ಸಕ್ರ್ಯಾ, ಕೈ ಹಿಡಿ" ಎಂದೆ ನೀನು. ನಾನು ಬಚ್ಚಲ ಹೊಸ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಎರಡು ಬೆರಳಲ್ಲಿ ಅದರ ಎರಡೂ ಮುಂಗೈ ಹಿಡಿದುಕೊಂಡೆ. ನೂಲಿನ ಎಳೆ ಹಿಡಿದು ಹಿಡಿದು ನನ್ನ ಬೆರಳಿಗೆ ಹಗುರವಾಗಿ ಹಿಡಿಯುವುದು ಗೊತ್ತು. ಹಗುರವಾಗಿಯೇ ಹಿಡಿದೆ. ಅದು ನನ್ನ ಮುಖ ನೋಡಿ ಒದರಿತು. ನಾನು ನಕ್ಕೆ. ಏಳು ದಿನ ಹಿಡಿದಿದ್ದೇನೆ, ಏಳು ದಿನವೂ ನಕ್ಕಿದ್ದೇನೆ. ಡಾಕ್ಟರು ಕೇಳಿದಾಗ ನನ್ನ ಬಾಯಿ ಯಾಕೆ ಮುಚ್ಚಿತ್ತು ಎಂದರೆ, ಹಿಂಡಿದವರು ಯಾರು ಎಂದ ಮೇಲೆ ಹಿಡಿದವರು ಯಾರು ಎಂದು ಕೇಳುತ್ತಾರೆ ಎಂದು. ಮಗಳು ನಮ್ಮಿಬ್ಬರನ್ನೂ ಉಳಿಸಿದಳು. ಇಪ್ಪತ್ತಮೂರು ವರ್ಷದ ಬಾಣಂತಿಯ ಸೆರಗಿನ ಹಿಂದೆ ಇಬ್ಬರು ಮುದುಕರು ಅಡಗಿದೆವು.

ನನ್ನ ತಪ್ಪು ಒಪ್ಪಿಕೊಂಡೆ ಎಂದು ನಿನ್ನ ಮೇಲಿನ ಸಿಟ್ಟು ಕಡಿಮೆಯಾಯಿತು ಎಂದು ತಿಳಿಯಬೇಡ. ಎರಡು ಪಟ್ಟಾಗಿದೆ.

ನೀನು ನಲವತ್ತು ಕೂಸಿನ ಲೆಕ್ಕ ಹೇಳಿದೆ. ನನಗೆ ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಅದಕ್ಕೇ ಗಾಯದ ಪಟ್ಟಿ ಬದಲಿಸಲು ಹೋದ ದಿನ ಶಿವರಂಜನಿಯನ್ನು ಹೊರಗೆ ಕೂಡಿಸಿ ಡಾಕ್ಟರ್ ಶೀತಲ್ ಹತ್ತಿರ ಒಬ್ಬನೇ ಹೋದೆ. ಹಿಂಡಿದ್ದು ನನ್ನ ಅಕ್ಕ, ಕೈ ಹಿಡಿದದ್ದು ನಾನು, ಮಗಳು ಸುಳ್ಳು ಹೇಳಿದಳು ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಿಳಿಸಿ ಹೇಳಿದರು.

ಅವರು ಹೇಳಿದ್ದು ಇಷ್ಟು. ವಿದ್ಯಾಶ್ರೀ, ಇದನ್ನು ಎರಡು ಸಲ ಓದು. ಬಸುರಿಯ ಮೈಯಲ್ಲಿ ಹಾಲು ತರಿಸುವ ರಸ ಇರುತ್ತದಂತೆ. ಅದು ಹೊಕ್ಕುಳಬಳ್ಳಿಯಿಂದ ಕೂಸಿಗೂ ಇಳಿಯುತ್ತದೆ. ಹಾಗಾಗಿ ಹುಟ್ಟಿದ ಮೂರು ನಾಲ್ಕು ದಿನಕ್ಕೆ ಎದೆ ಉಬ್ಬುತ್ತದೆ, ಗಂಡಿಗೂ ಹೆಣ್ಣಿಗೂ. ಕೆಲವಕ್ಕೆ ಹನಿ ಹಾಲೂ ಬರುತ್ತದೆ. ಅದು ಕೆಟ್ಟ ಹಾಲಲ್ಲ, ರೋಗವೂ ಅಲ್ಲ. ಮುಟ್ಟದಿದ್ದರೆ ಕೆಲವು ವಾರದಲ್ಲಿ ತಾನೇ ಇಳಿಯುತ್ತದೆ, ತಡವಾದರೆ ಕೆಲವು ತಿಂಗಳು. ಹಿಂಡಿದರೆ ಇನ್ನಷ್ಟು ಬರುತ್ತದೆ, ಒಳಗೆ ಗಾಯವಾಗಿ ನಂಜು ಸೇರುತ್ತದೆ. ತಿಕ್ಕಬಾರದು, ಬಿಸಿ ಬಟ್ಟೆ ಇಡಬಾರದು, ಏನೂ ಹಚ್ಚಬಾರದು. ಕೆಂಪಾದರೆ, ಬಿಸಿಯಾದರೆ, ಜ್ವರ ಬಂದರೆ, ಕೂಸು ಹಾಲು ಬಿಟ್ಟರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು, ಮರುದಿನ ಅಲ್ಲ. ಏನೂ ಮಾಡದೆ ಕೈ ಕಟ್ಟಿ ಕೂಡುವುದೇ ಇದಕ್ಕೆ ಔಷಧಿ ಅಕ್ಕಾ. ನಮ್ಮಂಥವರಿಗೆ ಅದಕ್ಕಿಂತ ಕಷ್ಟದ ಔಷಧಿ ಇಲ್ಲ.

ಅಲ್ಲಿನ ನರ್ಸು ಹಾಜಿರಾಬಿ ಪಟ್ಟಿ ಸುತ್ತುತ್ತ ನಡುವೆ ಬಾಯಿ ಹಾಕಿದರು. "ಹಿಂಡೋರೆಲ್ಲಾ ಪ್ರೀತೀಲೆ ಹಿಂಡ್ತಾರ್ರಿ. ನಮ್ಮ ಅಮ್ಮಾನೂ ಹಿಂಡ್ಯಾಳ. ಸಿಟ್ಟೀಲೆ ಹಿಂಡಿ ಯಾರೂ ಕೂಸಿನ್ನ ಇಲ್ಲಿ ತಂದಿಲ್ಲ" ಎಂದರು.

ಕೊನೆಗೆ ನಾನು ಕೇಳಿದೆ, ಮುಂದೆ ಈ ಕೂಸಿಗೆ ಎರಡೂ ಕಡೆ ಸರಿಯಾಗಿ ಬೆಳೆಯುತ್ತದೆಯೇ ಎಂದು. ಡಾಕ್ಟರು, "ಭಾಳ ಮಾಡಿ ಏನೂ ಆಗಂಗಿಲ್ಲ. ಆದ್ರ ಬೆಳಿಯೋ ಬೇರು ಅಲ್ಲೇ ಇರ್ತೈತಿ. ಖಾತ್ರಿ ಕೇಳಬ್ಯಾಡ್ರಿ, ಆಕಿ ಹನ್ನೆರಡು ಹದಿಮೂರ ವರ್ಷದಾಕಿ ಆಗೂತನಕ ನಾ ಹೇಳಾಕ ಬರಂಗಿಲ್ಲ" ಎಂದರು.

ಶಿವರಂಜನಿಗೆ ಇದನ್ನು ನಾನು ಇನ್ನೂ ಹೇಳಿಲ್ಲ. ನಿನಗೆ ಹೇಳಿದ್ದೇನೆ. ಹೊತ್ತುಕೋ.

ನೀನು ನನ್ನ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ. ಜೂನ್‌ನಲ್ಲಿ ಏನು ಮಾಡುತ್ತೀ?

ಸಕ್ರಪ್ಪ


ಬೆಟಗೇರಿ
೨೭ ಏಪ್ರಿಲ್ ೨೦೨೫

ಅಕ್ಕಾ,

ಒಂದು ತಿಂಗಳ ಮೇಲಾಯಿತು, ನಿನ್ನಿಂದ ಉತ್ತರ ಇಲ್ಲ. ಕುಂಚಿಗೆ ಮಾತ್ರ ಬಂತು. ಕೆಂಪು ಖಣದ್ದು, ಅಂಚಿಗೆ ಮಣಿ ಹೊಲಿದದ್ದು, ಹೆಸರಿಡುವ ದಿನ ಹಾಕಲಿ ಎಂದು ನೀನು ಬಸ್ಸಿನಲ್ಲಿ ಕೊಟ್ಟು ಕಳಿಸಿದ್ದೆ. ಅದೇ ಬಸ್ಸಿನವನ ಕೈಯಲ್ಲಿ ವಾಪಸ್ಸು ಕಳಿಸಿದ್ದು ನಾನು, ಶಿವರಂಜನಿ ಅಲ್ಲ. ಅವಳು ನೋಡಿಯೇ ಇಲ್ಲ. ಮಾತು ಕೊಡದೆ ಬಟ್ಟೆ ಕೊಡುತ್ತೀಯಲ್ಲ, ನನಗೆ ಮೈ ಉರಿಯಿತು.

ಹೆಸರಿಡುವುದು ಮುಂಡರಗಿಯಲ್ಲಿ ಆಯಿತು, ಬೀಗರ ಹಟ. ಚಿನ್ಮಯಿ ಎಂದು ಇಟ್ಟರು. ತೊಟ್ಟಿಲ ಮುಂದೆ ಹತ್ತು ಹನ್ನೆರಡು ಹೆಂಗಸರು ಕೂತಿದ್ದರು. ಒಬ್ಬರು ಕೂಸನ್ನು ಎತ್ತಿಕೊಂಡು ಅಂಗಿ ಸರಿಸಿ ಗಾಯದ ಕಲೆ ನೋಡಿದರು. ಬೀಗಿತಿ ನಿಟ್ಟುಸಿರು ಬಿಟ್ಟು, "ಏನ್ ಮಾಡೂದ್ರಿ, ಹಡದಾಕಿಗೇ ಬುದ್ಧಿ ಇಲ್ಲಂದ್ರ" ಎಂದರು. ಶಿವರಂಜನಿ ತಲೆ ಬಗ್ಗಿಸಿ ಕೂಸಿನ ಅಂಗಿಯ ಗುಂಡಿ ಹಾಕಿದಳು. ಅಳಿಯ ಸಿದ್ದಲಿಂಗೇಶ ಗೋಡೆ ನೋಡಿದ.

ಗಂಡಸರು ಕೂಡುವ ಜಾಗ ಅಲ್ಲ ಅದು. ಆದರೂ ಒಳಗೆ ಹೋಗಿ ನಿಂತೆ. "ಬೀಗ್ತಿಯಾರ, ಹಿಂಡಿದಾಕಿ ನಮ್ಮಕ್ಕ. ಕೂಸಿನ ಕೈ ಹಿಡದಾಂವ ನಾನು. ನನ್ನ ಮಗಳು ನಮ್ಮಿಬ್ಬರ ಮಾನ ಮುಚ್ಚಾಕ ಸುಳ್ಳ ಹೇಳ್ಯಾಳ" ಎಂದೆ.

ಮನೆ ಸ್ತಬ್ಧವಾಗುತ್ತದೆ, ಯಾರಾದರೂ ನನಗೆ ಉಗಿಯುತ್ತಾರೆ ಎಂದುಕೊಂಡಿದ್ದೆ. ಏನಾಯಿತು ಗೊತ್ತೇ? ಬೀಗಿತಿ, "ಅಯ್ಯ, ಅಷ್ಟನ? ನಮ್ಮ ಸಿದ್ದಲಿಂಗೇಶಗೂ ಹಿಂಡಿದ್ವಿ ಬಿಡ್ರಿ" ಎಂದರು. ಅತ್ತ ಕೂತವರು ನಮ್ಮ ಮನೆಯಲ್ಲೂ, ಇತ್ತ ಕೂತವರು ನಮ್ಮ ಮಕ್ಕಳಿಗೂ ಎಂದರು. ಯಾರು ಎಷ್ಟು ದಿನ ಹಿಂಡಿದರು ಎಂಬುದರ ಮೇಲೆ ಅಲ್ಲೇ ಚರ್ಚೆ ಶುರುವಾಯಿತು. ಹಡೆದವಳು ಹಿಂಡಿದರೆ ಬುದ್ಧಿಗೇಡಿ, ಅಜ್ಜಿ ಹಿಂಡಿದರೆ ಪದ್ಧತಿ. ನನಗೆ ಕುಂಕುಮದ ತಟ್ಟೆ ಎತ್ತಿ ಒಗೆಯಬೇಕು ಎನಿಸಿತು. ನಿನ್ನ ಒಬ್ಬಳ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಎಷ್ಟು ಸುಲಭವಾಗಿತ್ತು ಎಂದು ಅವತ್ತು ತಿಳಿಯಿತು.

ಆಗ ಶಿರಹಟ್ಟಿಯಿಂದ ಬಂದಿದ್ದ ಮರಿಯವ್ವ ಎಂಬ ಹೆಂಗಸು, ಬೀಗಿತಿಯ ದೊಡ್ಡಮ್ಮನ ಮಗಳು, ಎದ್ದು ಅಡುಗೆ ಮನೆಗೆ ಹೋದರು. ನನಗೆ ಏನೋ ಅನಿಸಿ ನೀರು ಕುಡಿಯುವ ನೆವ ಮಾಡಿ ಹಿಂದೆ ಹೋದೆ. ಅವರು ಒಲೆಯ ಕಡೆ ಮುಖ ಮಾಡಿ ನಿಂತಿದ್ದರು. ನನ್ನನ್ನು ನೋಡದೆಯೇ ಹೇಳಿದರು: "ನನ್ನ ಮಗಳಿಗೂ ಹಿಂಗ ಕೀವ ಆಗಿತ್ತರಿ. ಒಂದ ಕಡೆ ಬೆಳೀಲಿಲ್ಲ. ಒಳಗ ಬಟ್ಟಿ ಮಡಚಿ ಇಟ್ಟು ಲಗ್ನ ಮಾಡಿ ಕೊಟ್ವಿ. ಹಣೇಬರ ಅಂತ ತಿಳದಿದ್ನಿ. ಹಿಂಡಿದಾಕಿ ನಾನ."

ಇದನ್ನು ಇಪ್ಪತ್ತೈದು ವರ್ಷ ಯಾರಿಗೂ ಹೇಳಿಲ್ಲವಂತೆ. ಮಗಳಿಗೂ. ನನ್ನ ಹತ್ತಿರ ಯಾಕೆ ಹೇಳಿದರೋ. ಹೊರಗೆ ಇನ್ನೂ ಆ ಹೆಂಗಸರು ನಗುತ್ತಿದ್ದರು.

ಈಗ ಕೇಳುತ್ತೇನೆ ಅಕ್ಕಾ. ನಲವತ್ತು ಕೂಸಿಗೆ ಏನೂ ಆಗಿಲ್ಲ ಎಂದೆಯಲ್ಲ, ನಿನಗೆ ಯಾರು ಹೇಳಿದರು? ಆ ಹುಡುಗಿಯರು ಬಂದು ಹೇಳಿದರೇ? ಎದೆಯ ಮಾತನ್ನು ಯಾವ ಹುಡುಗಿ, ಯಾರ ಮುಂದೆ, ಯಾವ ಬಾಯಿಂದ ಹೇಳುತ್ತಾಳೆ? ಹೆಚ್ಚಿನವರಿಗೆ ಏನೂ ಆಗಿರಲಿಕ್ಕಿಲ್ಲ. ಡಾಕ್ಟರೂ ಹಾಗೇ ಅಂದಿದ್ದಾರೆ. ಆದರೆ ನಿನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಹೇಳಿ ಇನ್ನೊಂದು ಕೂಸಿಗೆ ಕೈ ಹಾಕಲು ಕೂತಿದ್ದೀ.

ಇನ್ನು ಆರು ವಾರ ಇದೆ.

ಸಕ್ರಪ್ಪ


ಲಕ್ಷ್ಮೇಶ್ವರ
೧೬ ಮೇ ೨೦೨೫

ಸಕ್ರ್ಯಾ,

ಕುಂಚಿಗಿ ವಾಪಸ್ ಕಳಿಸಿದ್ದು ಮರಿಯಂಗಿಲ್ಲ ನಾ. ಅದನ್ನ ಮೊದಲ ಬರಸ್ತೀನಿ.

ನಿನ್ನ ಸುಳ್ಳ ಮಾಡಬೇಕಂತ ಮನೀ ಮನೀಗೆ ಹೋದ್ನಿ. ನಾ ಎರದ ಹೆಣ್ಣಮಕ್ಕಳ ಮನಿ. ಲಗ್ನಾ ಆಗಿ ಹೋದಾರು ಭಾಳ ಮಂದಿ, ಊರಾಗ ಇದ್ದಾರು ಸಿಕ್ಕರು. ಬಿಸಲಾಗ ಎರಡ ದಿನ ತಿರಿಗೇನಿ. ಹನ್ನೊಂದ ಮನಿ. ತಾಯಿ ಇದ್ದಲ್ಲಿ ತಾಯಿನ್ನ ಕೇಳಿದ್ನಿ. ಹತ್ತ ಮನ್ಯಾಗ ಏನೂ ಆಗಿಲ್ಲವ, ಯಾಕ ಕೇಳ್ತಿ, ಚಾ ಕುಡಿ ಅಂದ್ರು. ಹತ್ತ ಮನ್ಯಾಗ ಚಾ ಕುಡದೇನಿ. ಬರಕೊ.

ಹನ್ನೊಂದನೇದ್ದು ರೋಜಾನ ಮನಿ. ಆಕಿ ತಾಯಿ ಇರಲಿಲ್ಲ. ಆಕಿನ ಬಾಗಲಾ ತಗದ್ಲು. ಇಪ್ಪತ್ತೊಂದ ವರ್ಷದ ಹುಡಿಗಿ, ಕಾಲೇಜ ಕಲಿಯಾಕಿ. ನಾ ಕೇಳಿದ್ದನ್ನ ಕೇಳಿದ್ನಿ. ಆಕಿ, ಅಜ್ಜಿ, ಇಪ್ಪತ್ತೊಂದ ವರ್ಷ ಆದ ಮ್ಯಾಲ ಕೇಳಾಕ ಬಂದ್ರೆನ ಅಂದ್ಲು. ಮತ್ತೂ ಏನೇನೋ ಅಂದ್ಲು.

ಅದನ್ನ ನಾ ಹೇಳಂಗಿಲ್ಲ. ಸೊಸಿನೂ ಕೇಳಿದ್ಲು, ಹೇಳಲಿಲ್ಲ. ನೀ ಫೋನ್ ಮಾಡಿ ಕೇಳಬ್ಯಾಡ.

ಆ ಮನ್ಯಾಗ ಚಾ ಕೊಡಲಿಲ್ಲ.

ನೀಲಗಂಗವ್ವ


ಲಕ್ಷ್ಮೇಶ್ವರ
೨೨ ಜೂನ್ ೨೦೨೫

ಮಾವ ಅವರಿಗೆ,

ಇದು ಅತ್ತೆ ಹೇಳಿ ಬರೆಸಿದ ಕಾಗದವಲ್ಲ. ನನ್ನದು. ಕೂಸನ್ನು ಮಗ್ಗುಲಲ್ಲಿ ಮಲಗಿಸಿಕೊಂಡು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿರಿ.

ಹನ್ನೊಂದನೆಯ ತಾರೀಖು ಹೆಣ್ಣು ಹುಟ್ಟಿತು. ನಾಲ್ಕನೆಯ ದಿನ ಎರಡೂ ಎದೆ ಉಬ್ಬಿದವು, ನೀವು ಬರೆದ ಹಾಗೆಯೇ. ನೀವು ಮೊದಲೇ ಬರೆಯದಿದ್ದರೆ ನಾನೂ ಹೆದರಿ ಅತ್ತೆಯ ಕೈಗೇ ಕೊಡುತ್ತಿದ್ದೆ. ದೊಡ್ಡ ಮಗಳನ್ನು ಹಾಗೇ ಕೊಟ್ಟಿದ್ದೆ. ಅವಳಿಗೆ ಸ್ನಾನ ಮಾಡಿಸುವಾಗ ಈಗ ಒಮ್ಮೊಮ್ಮೆ ಸುಮ್ಮನೆ ನಿಲ್ಲುತ್ತೇನೆ. ಆರು ವರ್ಷದ ಮೈಯಲ್ಲಿ ಏನೂ ಗೊತ್ತಾಗುವುದಿಲ್ಲ.

ಈ ಸಲ ನಾನೇ ಎರೆಯುತ್ತಿದ್ದೇನೆ. ಬಾಣಂತಿ ಬಚ್ಚಲಿಗೆ ಕೂಸು ತೆಗೆದುಕೊಂಡು ಹೋಗಬಾರದು ಎಂದು ಓಣಿಯೆಲ್ಲ ಮಾತಾಡಿತು. ನಾನು ಒಳಗಿನಿಂದ ಅಗಳಿ ಹಾಕಿಕೊಳ್ಳುತ್ತೇನೆ. ಮೊದಲ ದಿನ ಅಗಳಿಯ ಸಪ್ಪಳ ಕೇಳಿ ಅತ್ತೆ ಹೊರಗೆ ಗೋಡೆಗೆ ಒರಗಿ ಕೂತರು. ಅವತ್ತು ಊಟ ಮಾಡಲಿಲ್ಲ. ಮರುದಿನವೂ ಅಲ್ಲಿಯೇ ಕೂತರು. ಮೂರನೆಯ ದಿನ ಬಾಗಿಲಾಚೆಯಿಂದ, "ಕೆಂಪ ಆಗಿಲ್ಲಲ್ಲ?" ಎಂದು ಕೇಳಿದರು. ಇಲ್ಲರಿ ಎಂದೆ. ಈಗ ದಿನಾ ಅದೊಂದೇ ಪ್ರಶ್ನೆ, ಅದೊಂದೇ ಉತ್ತರ. ನಮ್ಮಿಬ್ಬರ ನಡುವೆ ಬೇರೆ ಮಾತಿಲ್ಲ.

ಮೊನ್ನೆ ಎದುರುಮನೆಯ ಕರಿಯವ್ವ ಬಂದಿದ್ದರು. ಕೂಸಿನ ಅಂಗಿ ಎತ್ತಿ ನೋಡಿ, "ಇದೇನವಾ, ಹಾಲ ತಗದ ಇಲ್ಲ" ಎಂದು ಕೈ ಹಾಕಿದರು. ನಾನು ಏಳುವುದರೊಳಗೆ ಅತ್ತೆ ಅವರ ಮಣಿಕಟ್ಟು ಹಿಡಿದಿದ್ದರು. ಬಹಳ ಗಟ್ಟಿಯಾಗಿ ಹಿಡಿದಿದ್ದರು ಮಾವ, ಬಳೆ ಒಡೆಯಿತು. ಕರಿಯವ್ವ ಕೋಪಿಸಿಕೊಂಡು, "ನನಗ ಕಲಿಸಿದಾಕಿ ನೀನ ಅಲ್ಲೇನ?" ಎಂದರು.

ಅತ್ತೆ, "ಹೌದು, ನಾನ ಕಲಿಸೇನಿ. ತಪ್ಪ ಕಲಿಸೇನಿ. ಬಿಡು" ಎಂದರು.

ಇದನ್ನು ನಿಮಗೆ ತಿಳಿಸಬೇಕು ಎನಿಸಿತು. ಆದರೆ ಅಗಳಿ ನಾನು ತೆಗೆದಿಲ್ಲ. ತೆಗೆಯಬೇಕು ಎಂದು ಮನಸ್ಸಿಗೆ ಬರುತ್ತದೆ, ಕೈ ಹೋಗುವುದಿಲ್ಲ. ನೀವು ತೆಗೆ ಎಂದು ಬರೆದರೂ ತೆಗೆಯುವುದಿಲ್ಲ.

ಉಬ್ಬು ಹಾಗೇ ಇದೆ. ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದೆ.

ನಿಮ್ಮ ಸೊಸೆ
ವಿದ್ಯಾಶ್ರೀ


ಬೆಟಗೇರಿ
೬ ಜುಲೈ ೨೦೨೫

ಅಕ್ಕಾ,

ಗುರುವಾರ ಮುಂಡರಗಿಯ ಬಸ್‌ಸ್ಟ್ಯಾಂಡಿನಲ್ಲಿ ಒಂದು ಗಂಟೆ ಒಂದೇ ಕಲ್ಲಿನ ಮೇಲೆ ಕೂತೆವು. ನೀನು ಬಸ್ಸು ಎಷ್ಟಕ್ಕೆ ಎಂದು ಕೇಳಿದೆ, ನಾನು ಹೇಳಿದೆ. ಅಷ್ಟೇ. ನಾನು ಮಾತಿನ ಮನುಷ್ಯ ಎಂದು ಊರೆಲ್ಲ ನಗುತ್ತದೆ. ಅಲ್ಲಿ ಆಡಲಾಗದ್ದನ್ನು ಇಲ್ಲಿ ಮಗ್ಗ ನಿಲ್ಲಿಸಿ ಆಡುತ್ತಿದ್ದೇನೆ.

ನೀನು ಹೇಳದೆ ಕೇಳದೆ ಬೀಗರ ಮನೆಗೆ ಹೋಗಿದ್ದೀ ಎಂದು ಶಿವರಂಜನಿ ಫೋನ್ ಮಾಡಿದಾಗ ಜಗಳಕ್ಕೇ ಹೋಗಿರಬೇಕು ಎಂದುಕೊಂಡೆ. ಓಡಿ ಬಂದೆ. ನಾನು ಹೊಸ್ತಿಲು ದಾಟುವ ಹೊತ್ತಿಗೆ ನೀನು ನಡುಮನೆಯಲ್ಲಿ ನಿಂತಿದ್ದೆ, ಕೂಡು ಎಂದರೂ ಕೂತಿರಲಿಲ್ಲ. ಬೀಗಿತಿ ಮತ್ತೆ, ಹೋಗಲಿ ಬಿಡ್ರಿ, ಎಲ್ಲರೂ ಮಾಡುವುದೇ ಎಂದು ತೇಲಿಸಲು ನೋಡಿದರು. ನೀನು ಬಿಡಲಿಲ್ಲ. "ಎಲ್ಲಾರೂ ಮಾಡ್ತಾರಂತ ನನ್ನ ಮ್ಯಾಲಿಂದ ಇಳಸಬ್ಯಾಡ್ರಿ. ಈ ಕೂಸಿನ ಎದಿ ಹಿಂಡಿದಾಕಿ ನಾನು. ಕೆಂಪಾದ ಮ್ಯಾಲೂ ಹಿಂಡೇನಿ. ಡಾಕ್ಟರ್ ಕೇಳಿದಾಗ ಈ ಹುಡಿಗಿ ಮ್ಯಾಲ ಹಾಕಿ ಓಡಿ ಹೋಗೇನಿ" ಎಂದೆ. ಆಮೇಲೆ ಅಳಿಯನ ಕಡೆ ತಿರುಗಿ, ಹೆಂಡತಿಯ ಮಾತನ್ನು ಒಂದು ಸಲವಾದರೂ ಬಿಡಿಸಿ ಕೇಳಿದೆಯಾ ಎಂದು ಅವನನ್ನೂ ಬಿಡಲಿಲ್ಲ.

ಶಿವರಂಜನಿ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನೀನು ಕೈ ಚಾಚಲಿಲ್ಲ, ಅದನ್ನು ನಾನು ನೋಡಿದ್ದೇನೆ. ಚಾಚದಿದ್ದರೂ ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ನೀವು ಬಂದು ಹೇಳಿದ್ದು ಛಲೋ ಆತು ಅತ್ತಿ. ಕೂಸಿನ್ನ ಮಾತ್ರ ಕೊಡಂಗಿಲ್ಲ" ಎಂದಳು.

"ಕೊಡಬ್ಯಾಡ" ಎಂದೆ ನೀನು.

ಮಗಳು ಹಾಗೆಂದಾಗ ನನಗೆ ಸಂತೋಷವಾಯಿತು ಅಕ್ಕಾ. ಸುಳ್ಳು ಯಾಕೆ ಹೇಳಲಿ. ಐದು ತಿಂಗಳಿಂದ ಅವಳ ಬಾಯಲ್ಲಿ ಒಂದು ಗಟ್ಟಿ ಮಾತು ಕೇಳಬೇಕು ಎಂದು ಕಾಯುತ್ತಿದ್ದೆ. ಆದರೆ ನಿನ್ನ "ಕೊಡಬ್ಯಾಡ" ಕೇಳಿದ ಮೇಲೆ ಆ ಸಂತೋಷವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ಅವಳು ನನ್ನ ಕೈಗೂ ಕೂಸನ್ನು ಕೊಡಲಿಲ್ಲ ಅವತ್ತು. ನೀನು ಗಮನಿಸಿದೆಯೋ ಇಲ್ಲವೋ.

ಲಕ್ಷ್ಮೇಶ್ವರದ ಕೂಸಿನ ಉಬ್ಬು ಇಳಿಯುತ್ತಾ ಬಂದಿದೆ ಎಂದು ವಿದ್ಯಾಶ್ರೀ ಫೋನಿನಲ್ಲಿ ಹೇಳಿದಳು. ಯಾರೂ ಏನೂ ಮಾಡಲಿಲ್ಲ, ಇಳಿಯಿತು. ಇಷ್ಟೇ ಸಣ್ಣದು ಅದು. ಇದನ್ನು ನೆನೆದಾಗಲೆಲ್ಲ ನನಗೆ ಮತ್ತೆ ಸಿಟ್ಟು ಬರುತ್ತದೆ. ನಿನ್ನ ಮೇಲೆ, ನನ್ನ ಮೇಲೆ, ತೊಟ್ಟಿಲ ಮುಂದೆ ನಕ್ಕ ಆ ಹೆಂಗಸರ ಮೇಲೆ, ಸತ್ತು ನಲವತ್ತೆಂಟು ವರ್ಷವಾದ ಅವ್ವನ ಮೇಲೂ. ಈ ಸಿಟ್ಟು ಇಳಿಯುತ್ತದೆ ಎಂದು ನಿನಗೆ ಮಾತು ಕೊಡುವುದಿಲ್ಲ.

ನಾಗರ ಪಂಚಮಿ ಇಪ್ಪತ್ತೊಂಬತ್ತಕ್ಕೆ ಇದೆ. ನಲವತ್ತು ವರ್ಷದಲ್ಲಿ ಒಂದು ಸಲವೂ ತಪ್ಪಿಸದೆ ನಿನ್ನನ್ನು ಕರೆಯಲು ಬಂದಿದ್ದೇನೆ. ಈ ವರ್ಷ ಬರುವುದಿಲ್ಲ. ಬಂದು ನಿನ್ನ ಬಾಗಿಲಲ್ಲಿ ನಿಂತು "ನಡಿ ಅಕ್ಕಾ ತವರಿಗೆ" ಎನ್ನಲು ನನ್ನ ನಾಲಿಗೆ ಏಳುವುದಿಲ್ಲ.

ನೀನಾಗಿ ಬಸ್ಸು ಹತ್ತಿ ಬಂದರೆ, ಮನೆ ಇದೆ. ಶೇಂಗಾದ ಉಂಡಿ ಕಟ್ಟಲು ನನಗೆ ಸರಿಯಾಗಿ ಬರುವುದಿಲ್ಲ. ಒಡೆದಿದ್ದರೆ ಒಡೆದದ್ದನ್ನೇ ತಿನ್ನಬೇಕು.

ಸಕ್ರಪ್ಪ